ಟರ್ಬೊ ಮನೆಯ ಕಾರಿನ ಆಟ

ಆ ಬೀದಿಯಲ್ಲಿ ಅವನಷ್ಟು ನಿಧಾನದ ಮನುಷ್ಯ ಇನ್ನೊಬ್ಬನಿರಲಿಲ್ಲ. ಬಸ್ಸು ಹಿಡಿಯಲು ಮನೆಯಿಂದ ಹೊರಟರೆ, ಅವನು ನಿಲ್ದಾಣ ಮುಟ್ಟುವಷ್ಟರಲ್ಲಿ ಆ ಬಸ್ಸು ಹೋಗಿ, ತಿರುಗಿ ಬಂದು, ಅದರ ಡ್ರೈವರು ನಿವೃತ್ತನಾಗಿ ಅವನ ಮಗ ಸ್ಟೀರಿಂಗ್ ಹಿಡಿದು ಕೂತಿರುತ್ತಿದ್ದ. ಅಂಗಿಯ ಗುಂಡಿ ಹಾಕಲು ಶುರುಮಾಡಿದರೆ ಕೊನೆಯ ಗುಂಡಿಗೆ ಬರುವ ಹೊತ್ತಿಗೆ ಮೊದಲನೆಯದರ ದಾರ ಹಳತಾಗಿ ಉದುರುತ್ತಿತ್ತು. ಅಂಥವನಿಗೆ ಜನ ಇಟ್ಟ ಹೆಸರು ಟರ್ಬೊ. ಗೇಲಿಗಲ್ಲ, ಗೌರವಕ್ಕೆ. ಅವನ ಕೈ ತಾಗಿದ ಕಂಪ್ಯೂಟರು ಮಾತ್ರ ಬಾಲಕ್ಕೆ ಬೆಂಕಿ ಹತ್ತಿದ ಹಾಗೆ ಓಡುತ್ತಿತ್ತು.

ಒಂದು ಶೆಟರಿನ ಅಂಗಡಿ. ಎಡಕ್ಕೆ ಕ್ಷೌರದಂಗಡಿ, ಬಲಕ್ಕೆ ಜೆರಾಕ್ಸ್ ಅಂಗಡಿ, ಹಿಂದುಗಡೆ ಒಂದು ಬಾಗಿಲು ದಾಟಿದರೆ ಮನೆ. ಅಂಗಡಿಯ ಗೋಡೆ ತುಂಬ ಬಿಚ್ಚಿದ ಫ್ಯಾನುಗಳು, ಗಂಟುಬಿದ್ದ ಕೇಬಲ್ಲುಗಳು, ಮೂಲೆಯಲ್ಲಿ ಧೂಳು ಊದುವ ಬ್ಲೋವರು. ಜನ ಹೊಸ ಕಂಪ್ಯೂಟರು ಕೊಂಡು, ಹೊಸ ಗೇಮ್ ಹಾಕಿ, ಅದು ಹೆಜ್ಜೆಹೆಜ್ಜೆಗೂ ಬಿಕ್ಕಳಿಸುವುದನ್ನು ಕಂಡು ಕಂಗಾಲಾಗಿ ಅವನ ಹತ್ತಿರ ಬರುತ್ತಿದ್ದರು. ಜ್ವರ ಬಂದ ಕೂಸನ್ನು ಎತ್ತಿಕೊಂಡು ಬರುವ ಹಾಗೆ ಕ್ಯಾಬಿನೆಟ್ಟನ್ನು ಎದೆಗವಚಿಕೊಂಡು ಬರುತ್ತಿದ್ದರು.

ಒಮ್ಮೆ ವಿಮೆ ಕಚೇರಿಯ ಗುಮಾಸ್ತನೊಬ್ಬ ಹಾಗೆ ಬಂದ.

"ಹೊಸದು ಸಾರ್, ಇನ್ನೂ ವಾಸನೇನೇ ಹೋಗಿಲ್ಲ. ಗೇಮ್ ಹಾಕಿದ್ರೆ ಕತ್ತೆ ನಿಂತ ಹಾಗೆ ನಿಂತ್ಕೊಳ್ಳುತ್ತೆ."

"ಮಾನಿಟರ್ ವೈರು ಎಲ್ಲಿಗೆ ಚುಚ್ಚಿದೀರಿ?"

"ಹಿಂದೆ."

"ಹಿಂದೆ ಅಂದ್ರೆ? ಮೇಲಾ, ಕೆಳಗಾ?"

"ಎಲ್ಲಿ ತೂತು ಕಾಣ್ತೋ ಅಲ್ಲಿ."

ಟರ್ಬೊ ಕ್ಯಾಬಿನೆಟ್ಟಿನ ಬೆನ್ನು ತಿರುಗಿಸಿ ತೋರಿಸಿದ. "ಕೆಳಗಡೆ ಇದೆಯಲ್ಲ, ಇದು ಗ್ರಾಫಿಕ್ಸ್ ಕಾರ್ಡು. ಇದಕ್ಕೆ ನೀವು ಕೆಲಸಾನೇ ಕೊಟ್ಟಿಲ್ಲ. ಪೈಲ್ವಾನನ್ನ ಮನೆಗೆ ಕರೆಸಿ ಸೋಫಾ ಮೇಲೆ ಕೂರಿಸಿ, ಮೂಟೆ ಮಾತ್ರ ನಿಮ್ಮಜ್ಜಿ ತಲೆ ಮೇಲೆ ಹೊರಿಸ್ತಿದೀರಿ. ವೈರನ್ನ ಇಲ್ಲಿಗೆ ಹಾಕಿ, ಅಜ್ಜಿಗೆ ರೆಸ್ಟ್ ಕೊಡಿ."

ಹೆಚ್ಚಿನವು ಇಂಥವೇ. ಜೋಡಿ ಮೆಮೊರಿಯನ್ನು ಒಂದು ಬಿಟ್ಟು ಒಂದು ಖಾನೆಗೆ ಹಾಕುವ ಬದಲು ಅಕ್ಕಪಕ್ಕ ಒತ್ತಿರುತ್ತಿದ್ದರು. ಚಿತ್ರವನ್ನು ವೇಗವಾಗಿ ಬದಲಿಸುವ ಮಾನಿಟರು ಕೊಂಡು ಅದರ ವೇಗವನ್ನು ಹಳೆಯ ಮಾನಿಟರಿನದಕ್ಕೇ ಬಿಟ್ಟಿರುತ್ತಿದ್ದರು. ಒಬ್ಬ ಮಹಾಶಯನಂತೂ ಧೂಳಾಗದಿರಲಿ ಎಂದು ಕ್ಯಾಬಿನೆಟ್ಟನ್ನು ಬೀರುವಿನೊಳಗಿಟ್ಟು ಬಾಗಿಲು ಹಾಕಿದ್ದ. ಬೀರುವಿನಲ್ಲಿದ್ದ ಬಟ್ಟೆಗಳೆಲ್ಲ ಇಸ್ತ್ರಿಯಾಗಿದ್ದವಂತೆ. ಟರ್ಬೊ ಎಲ್ಲವನ್ನೂ ತನ್ನ ಆಮೆ ನಡಿಗೆಯಲ್ಲೇ ಸರಿಪಡಿಸುತ್ತಿದ್ದ. ಆದರೆ ಕೊನೆಗೊಂದು ಕೆಲಸವಿತ್ತು, ಅದಕ್ಕೆ ಅವನು 'ಕೊನೆ ಕೈ' ಅನ್ನುತ್ತಿದ್ದ. ಯಂತ್ರವನ್ನು ಚಾಲೂ ಮಾಡಿ, ಒಳಗೆ ಬೆನ್ನ ಹಿಂದೆ ಸದ್ದಿಲ್ಲದೆ ಓಡುತ್ತ ಶಕ್ತಿ ಹೀರುವ ಪ್ರೋಗ್ರಾಮುಗಳನ್ನೆಲ್ಲ ಹುಡುಕಿ ಕಿತ್ತುಹಾಕುವುದು. ಆಗ ಅವನು ಅವುಗಳ ಜೊತೆ ಮಾತಾಡುತ್ತಿದ್ದ. "ನೀನ್ಯಾರಪ್ಪ? ನಿನ್ನ ಕರೆದೋರ್ಯಾರು? ತಿಂದಿದ್ದು ಸಾಕು, ಎದ್ದೇಳು." ಒಂದೊಂದು ಬಯ್ಗುಳಕ್ಕೆ ಒಂದೊಂದು ಪ್ರೋಗ್ರಾಮು ಜಾಗ ಖಾಲಿ ಮಾಡುತ್ತಿತ್ತು. ತಲೆ ಬೇರೆಲ್ಲೋ ಇದ್ದರೂ ಬೆರಳು ಈ ಕೆಲಸ ಮಾಡಿ ಮುಗಿಸುತ್ತಿತ್ತು. ನಿದ್ದೆಗಣ್ಣಿನಲ್ಲಿ ಬಾಗಿಲ ಚಿಲಕ ಹಾಕುವುದಕ್ಕೆ ಯಾರು ಯೋಚನೆ ಮಾಡುತ್ತಾರೆ?

ಅವನ ಹೆಂಡತಿ ಹಾಗಲ್ಲ. ಅವಳು ಹುಟ್ಟಾ ಮಿಂಚು. ಮದುವೆಗೆ ಮುಂಚೆ ಅವಳು ಟೈಪಿಂಗ್ ಕೆಲಸದಲ್ಲಿದ್ದಳು. ವಕೀಲರು ವಾಕ್ಯ ಹೇಳಿ ಮುಗಿಸುವ ಮೊದಲೇ ಅವಳ ಬೆರಳು ಪೂರ್ಣವಿರಾಮ ಇಟ್ಟು ಅವರ ಮುಖ ನೋಡುತ್ತಿತ್ತಂತೆ. ಅವಳ ಟೈಪಿಂಗ್ ಸದ್ದಿಗೆ ಮಳೆ ಬಂತೆಂದು ಎದುರುಮನೆಯವರು ಒಣಗಿದ ಬಟ್ಟೆ ಒಳಗೆ ತಂದದ್ದೂ ಉಂಟು.

ಆ ಕಾಲದಲ್ಲಿ ಟರ್ಬೊ ಗಂಟೆ ಲೆಕ್ಕದಲ್ಲಿ ಕಂಪ್ಯೂಟರ್ ಆಟ ಆಡಿಸುವ ಅಂಗಡಿ ಇಟ್ಟಿದ್ದ. ಅಲ್ಲಿಂದ ತಮ್ಮನನ್ನು ಕಿವಿ ಹಿಡಿದು ಎಳೆದೊಯ್ಯಲು ಬಂದವಳು ಅವಳು. ಇಬ್ಬರು ಒಂದೇ ಕೀಬೋರ್ಡಿನಲ್ಲಿ ಆಡುವ ಕಾರಿನ ಆಟ ನಡೆಯುತ್ತಿತ್ತು. ಸ್ಕ್ರೀನನ್ನು ನಡುವೆ ಸೀಳಿ ಎಡಕ್ಕೆ ಒಬ್ಬನ ಕಾರು, ಬಲಕ್ಕೆ ಇನ್ನೊಬ್ಬನದು. ತಮ್ಮನ ಕಿವಿಯನ್ನು ಎಡಗೈಯಲ್ಲಿ ಹಿಡಿದೇ ಬಲಗೈಯಲ್ಲಿ ಆಡಿ ಅಂಗಡಿ ಮಾಲೀಕನನ್ನು ಸೋಲಿಸಿದಳು. ಕಿವಿ ಬಿಟ್ಟು ಎರಡೂ ಕೈಯಲ್ಲಿ ಆಡಿ ಮತ್ತೆ ಸೋಲಿಸಿದಳು. ತಮ್ಮ ಒಬ್ಬನೇ ಮನೆಗೆ ಹೋದ.

"ನಾಳೇನೂ ಬರ್ತೀರಾ?" ಟರ್ಬೊ ಕೇಳಿದ.

"ಸೋಲೋದಕ್ಕೆ ಅಷ್ಟೊಂದು ಆಸೆನಾ ನಿಮಗೆ?"

"ಗೆಲ್ಲೋವರೆಗೂ ಬನ್ನಿ, ಚಾಂಪಿಯನ್."

ಗೆಲ್ಲಲಿಲ್ಲ. ಮದುವೆಯಾದ. ಮಕ್ಕಳಾಗಲಿಲ್ಲ, ಆಟ ನಿಲ್ಲಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಶೆಟರನ್ನು ಅರ್ಧ ಎಳೆದು, ಹಿಂದಿನ ಕೋಣೆಯಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಒಂದು ರೇಸು. ಮನೆಯಲ್ಲಿ, ಬೀದಿಯಲ್ಲಿ ಅವಳು ಅವನನ್ನು "ರೀ, ಬನ್ನಿ, ತಗೊಳ್ಳಿ" ಅನ್ನುತ್ತಿದ್ದಳು. ಬೆಂಚಿನ ಮೇಲೆ ಕೂತ ಮರುಕ್ಷಣ ಅದು "ಬಾರೋ, ನೋಡೇಬಿಡೋಣ, ಇವತ್ತು ನಿನ್ನ ಕಥೆ ಮುಗೀತು" ಆಗುತ್ತಿತ್ತು. ರೇಸು ಮುಗಿದು ಎದ್ದರೆ ಮತ್ತೆ "ಟೀ ಮಾಡ್ಲೇನ್ರೀ?" ಇದನ್ನು ಯಾರೂ ನಿಯಮ ಮಾಡಿದ್ದಲ್ಲ. ಆ ಏಕವಚನಕ್ಕಾಗಿ ಅವನು ಬೆಳಗಿನಿಂದ ಕಾಯುತ್ತಿದ್ದ.

ಹಳೆಯ ಕಂಪ್ಯೂಟರು ಒಂದು ದಿನ ಪ್ರಾಣ ಬಿಟ್ಟಿತು. ಟರ್ಬೊ ಹೊಸದೊಂದನ್ನು ಕಟ್ಟಿ ಅದರಲ್ಲಿ ಅದೇ ಆಟ ಹಾಕಿದ. ತಿರುಗಿಸುವ ಕೀ ಒತ್ತುವ ಮೊದಲೇ ಎರಡೂ ಕಾರು ಗೋಡೆಗೆ ಬಡಿದು ಹೊಗೆಯಾಡಿದವು. ಆ ಆಟ ಬರೆದವನು ಗಡಿಯಾರವನ್ನು ನಂಬಿದವನಲ್ಲ. ಕಂಪ್ಯೂಟರು ಒಂದೊಂದು ಚಿತ್ರ, ಅಂದರೆ ಒಂದೊಂದು ಫ್ರೇಮ್, ಬಿಡಿಸಿದಾಗಲೂ ಕಾರು ಒಂದು ಹೆಜ್ಜೆ ಮುಂದೆ ಹೋಗುವ ಹಾಗೆ ಬರೆದಿದ್ದ. ಹಳೆಯ ಯಂತ್ರ ಸೆಕೆಂಡಿಗೆ ಅರವತ್ತು ಬಿಡಿಸುತ್ತಿತ್ತು. ಹೊಸದು ಸಾವಿರ ಬಿಡಿಸಿ, ಇನ್ನೂ ಬೇಕಾ ಎಂದು ಕೇಳುತ್ತಿತ್ತು.

"ಕಾರೋ, ಬಂದೂಕಿನ ಗುಂಡೋ?" ಅವಳು ಹೊಟ್ಟೆ ಹಿಡಿದು ನಕ್ಕಳು. ಮಾನಿಟರಿನ ಅರವತ್ತರ ವೇಗ ಮೀರಬೇಡ ಅನ್ನುವ ಸೆಟ್ಟಿಂಗ್ ಆಟದಲ್ಲೇ ಇತ್ತು. ಅದನ್ನು ಹುಡುಕಿ ಹಾಕಿದ್ದೂ ಅವಳೇ. ಮತ್ತೆ ಅರವತ್ತು. ಮತ್ತೆ ಹಳೆಯ ರಸ್ತೆ, ಹಳೆಯ ತಿರುವು, ಹಳೆಯ ಸೋಲು.

ಅದಾದ ಮೇಲೆ ಅವಳ ಕೈಯಿಂದ ಲೋಟಗಳು ಬೀಳತೊಡಗಿದವು. ಅಕ್ಷರ ಚಿಕ್ಕದಾಗುತ್ತ ಹೋಗಿ ಸಹಿ ಇರುವೆಯಷ್ಟಾಯಿತು. ಎದ್ದು ನಿಲ್ಲಬೇಕೆಂದುಕೊಂಡಾಗ ಮೈ ಒಂದಿಷ್ಟು ಹೊತ್ತು ಯೋಚನೆ ಮಾಡುತ್ತಿತ್ತು. ಡಾಕ್ಟರು ಕಾಯಿಲೆಯ ಹೆಸರು ಹೇಳಿದರು. ಮನೆಗೆ ಬರುವಷ್ಟರಲ್ಲಿ ಇಬ್ಬರೂ ಅದನ್ನು ಮರೆಯಲು ತೀರ್ಮಾನಿಸಿದ್ದರು.

"ಮೆದುಳು ಕೊಟ್ಟ ಅಪ್ಪಣೆ ಬೆರಳಿಗೆ ತಲುಪೋದು ತಡ ಆಗ್ತಿದೆ," ಎಂದಿದ್ದರು ಡಾಕ್ಟರು.

"ಲ್ಯಾಗು," ಅಂದ ಟರ್ಬೊ.

"ಏನಂದ್ರಿ?"

"ನಮ್ಮ ಕೆಲಸದಲ್ಲಿ ಹಾಗಂತಾರೆ ಸಾರ್. ಕೀ ಒತ್ತಿದ್ದು ಈಗ, ಕಾರು ತಿರುಗಿದ್ದು ಆಮೇಲೆ. ಸರಿ ಮಾಡ್ಬಹುದು ಅದನ್ನ."

"ಮಾತ್ರೆ ಕೊಡ್ತೀನಿ. ಸ್ವಲ್ಪ ತಡೀಬಹುದು. ಸರಿ ಮಾಡೋದು..." ಡಾಕ್ಟರು ಚೀಟಿ ಬರೆಯತೊಡಗಿದರು.

ಆದರೆ ಟರ್ಬೊ ಜೀವಮಾನವಿಡೀ ಅದನ್ನೇ ಸರಿ ಮಾಡಿದವನು. ಸುಮ್ಮನಿರುವುದು ಹೇಗೆ? ಉಸಿರು ತಾಗಿದರೆ ಸಾಕು ಅನ್ನುವಷ್ಟು ಸೂಕ್ಷ್ಮದ ಕೀಬೋರ್ಡು ತಂದ. ಪ್ರೊಸೆಸರಿನ ಬಿಸಿ ಇಳಿಸುವ ಪೇಸ್ಟು ಬದಲಿಸಿದ. ಮೆಮೊರಿಯನ್ನು ಅದರ ಪೂರಾ ವೇಗಕ್ಕೆ ಏರಿಸಿದ. ಕೀ ಒತ್ತುವುದಕ್ಕೂ ಕಾರು ತಿರುಗುವುದಕ್ಕೂ ನಡುವೆ ಸೂಜಿ ತೂರುವಷ್ಟೂ ಜಾಗ ಉಳಿಯದ ಹಾಗೆ ಮಾಡಿದ. ಅಂಥ ಚುರುಕಿನ ಕಂಪ್ಯೂಟರು ಆ ಬೀದಿಯಲ್ಲಲ್ಲ, ಭೂಮಿಯ ಮೇಲೇ ಇರಲಿಲ್ಲ ಅನ್ನಬೇಕು. ಮನಸ್ಸಿನಲ್ಲಿ ಅಂದುಕೊಂಡರೆ ಕಾರು ಹೊರಟುಬಿಡುತ್ತಿತ್ತು. ಆದರೂ ಮೊದಲ ತಿರುವಿನಲ್ಲೇ ಅವಳ ಕಾರು ನೇರ ಹೋಗಿ ಗೋಡೆಗೆ ಬಡಿಯಿತು. ಎರಡನೆಯ ಸಲವೂ. ಮೂರನೆಯ ಸಲವೂ.

"ಈ ಕಂಪ್ಯೂಟರ್ ಸರಿಯಿಲ್ಲ ಕಣೋ," ಅಂದಳು. ನಗುತ್ತ ಅಂದಳು, ಕಣ್ಣು ಮಾತ್ರ ಅವನ ಮುಖ ಬಿಡಲಿಲ್ಲ. "ಅಲ್ವಾ? ಇದರದ್ದೇ ಏನೋ ಇದೆ."

ಯಂತ್ರವೊಂದು ಕೆಟ್ಟಿರಲಿ ದೇವರೇ ಎಂದು ಟರ್ಬೊ ಬೇಡಿಕೊಂಡದ್ದು ಅದೇ ಮೊದಲು.

"ಹೂಂ, ಇದರದ್ದೇ. ಏನೋ ಸೆಟ್ಟಿಂಗು. ನಾಳೆ ನೋಡ್ತೀನಿ ತಡಿ."

ಮರುದಿನ ಅವಳು ಸ್ನಾನಕ್ಕೆ ಹೋದಾಗ ಒಂದು ಪುಟ್ಟ ಪ್ರೋಗ್ರಾಮು ಹಾಕಿದ. ಫ್ರೇಮುಗಳನ್ನು ತಡೆದು ಲೆಕ್ಕ ಮಾಡಿ ಬಿಡುವ ದ್ವಾರಪಾಲಕ ಅದು. ಅರವತ್ತರ ಬದಲು ಐವತ್ತು ಮಾತ್ರ ಬಿಡು ಅಂದರೆ ಐವತ್ತೇ. ಆ ಆಟದಲ್ಲಿ ಫ್ರೇಮ್ ಕಮ್ಮಿಯಾದರೆ ಇಡೀ ಲೋಕವೇ ನಿಧಾನ: ಅವಳ ಕಾರೂ, ಅವನ ಕಾರೂ, ರಸ್ತೆಯೂ. ಮೂಲೆಯಲ್ಲಿ ಓಡುವ ಆಟದ ಗಡಿಯಾರ ಕೂಡ ಫ್ರೇಮು ಎಣಿಸಿಯೇ ಓಡುತ್ತಿದ್ದರಿಂದ ಅದೂ ನಿಧಾನ. ಹೆಂಡತಿ ಎಲ್ಲವನ್ನೂ ಓದುವವಳು. ಪ್ರೋಗ್ರಾಮಿನ ಹೆಸರು ಕಣ್ಣಿಗೆ ಬಿದ್ದರೆ ಕೇಳದೆ ಬಿಡುವುದಿಲ್ಲ. ಅದಕ್ಕೇ ಅದರ ಹೆಸರು ಬದಲಿಸಿ 'ಪ್ರಿಂಟರ್ ಸಹಾಯಕ' ಎಂದಿಟ್ಟ. ಅಷ್ಟು ಬೇಸರ ಹುಟ್ಟಿಸುವ ಹೆಸರನ್ನು ಯಾರೂ ಎರಡನೇ ಸಲ ನೋಡುವುದಿಲ್ಲ.

ಮಧ್ಯಾಹ್ನ ಅವಳ ಕಾರು ತಿರುವು ಹಿಡಿಯಿತು. ಅವನ ಕಾರಿನ ಮೂಗಿನ ಮುಂದೆಯೇ ಹಾದು ಗೆದ್ದಿತು.

"ನೋಡ್ದ್ಯಾ! ನಾನು ಹೇಳ್ಲಿಲ್ವಾ? ನಂದಲ್ಲ ತಪ್ಪು, ಮೆಷಿನ್ನಿಂದೇ." ಅವನ ಭುಜಕ್ಕೆ ಗುದ್ದಿದಳು. ಆ ಗುದ್ದು ಎಷ್ಟು ಹಗುರವಾಗಿತ್ತೆಂದರೆ ಸೊಳ್ಳೆ ಕೂತಿದ್ದರೆ ಅದೂ ಎದ್ದು ಹೋಗುತ್ತಿರಲಿಲ್ಲ. "ಅದೇ ಟೈಮಿಂಗು ನೋಡೋ! ಹಳೇ ಟೈಮಿಂಗೇ ಬಂದಿದೆ!"

ಆ ಸಂತೋಷದಲ್ಲಿ ಅವಳು ಅಕ್ಕನಿಗೆ ಫೋನು ಮಾಡಿ ಹೇಳಿದಳು, ಕ್ಷೌರದವನಿಗೆ ಹೇಳಿದಳು, ಡಾಕ್ಟರಿಗೂ ಹೇಳಿದಳು: "ಲೋಟ ಬೀಳ್ಲಿ ಬಿಡಿ ಡಾಕ್ಟ್ರೇ, ರೇಸಲ್ಲಿ ಮಾತ್ರ ನನ್ನ ಕೈ ಮೊದಲಿನ ಹಾಗೇ ಇದೆ." ಡಾಕ್ಟರು ಆಶ್ಚರ್ಯಪಟ್ಟರು. ಟರ್ಬೊ ಗೋಡೆಯ ಮೇಲಿದ್ದ ಕರುಳಿನ ಚಿತ್ರವನ್ನು ಬಹಳ ಶ್ರದ್ಧೆಯಿಂದ ನೋಡಿದ.

ಅಲ್ಲಿಂದ ಇಳಿಜಾರು. ಕೈ ಇನ್ನಷ್ಟು ತಡವಾದಾಗ ನಲವತ್ತೈದು. ಆಮೇಲೆ ನಲವತ್ತು. ಚಳಿಗಾಲ ಕಳೆಯುವಷ್ಟರಲ್ಲಿ ಮೂವತ್ತು. ಅವಳಿಗೆ ಗೊತ್ತಾಗದ ಹಾಗೆ, ಒಂದೊಂದು ಸಲಕ್ಕೆ ಒಂದೊಂದು ಕೂದಲೆಳೆಯಷ್ಟು. ಮನೆಯ ಮೆಟ್ಟಿಲನ್ನು ಯಾರೋ ಕದ್ದು ತಗ್ಗಿಸುತ್ತ ಹೋದರೆ ಹತ್ತುವವರಿಗೆ ತಿಳಿಯುವುದಿಲ್ಲವಲ್ಲ, ಹಾಗೆ. ರೇಸು ಶುರುವಾದಾಗ ಹೊಗೆಯಾಡುತ್ತಿದ್ದ ಟೀ ಮುಗಿಯುವಾಗ ತಣ್ಣಗಾಗಿರುತ್ತಿತ್ತು. "ಈಚೀಚೆಗೆ ಟೀ ಬೇಗ ಆರುತ್ತೆ," ಅನ್ನುತ್ತಿದ್ದಳು. ಅವನು ಲೋಟವನ್ನು ಬಯ್ಯುತ್ತಿದ್ದ.

ಅವನ ಪಾಡು ಬೇರೆ. ಇಷ್ಟು ಕಮ್ಮಿ ಫ್ರೇಮಿನಲ್ಲಿ ಚಿತ್ರ ಜರ್ಕ್ ಹೊಡೆಯುತ್ತದೆ, ಬಿಕ್ಕಳಿಸುತ್ತದೆ. ಬೀದಿಯಾಚೆ ನಡೆದುಹೋಗುವವನ ಹೆಜ್ಜೆಯಲ್ಲಿ ಒಂದು ಫ್ರೇಮ್ ತಪ್ಪಿದರೂ ಕೂತಲ್ಲಿಂದ ಹಿಡಿಯಬಲ್ಲ ಕಣ್ಣು ಅವನದು. ಬೆಳಗ್ಗೆಯೆಲ್ಲ ಊರವರ ಕಂಪ್ಯೂಟರಿನ ಬಿಕ್ಕಳಿಕೆ ನಿಲ್ಲಿಸಿ, ಮಧ್ಯಾಹ್ನ ತಾನೇ ಕೈಯಾರೆ ತಂದ ಬಿಕ್ಕಳಿಕೆಯ ಮುಂದೆ ಕೂತು "ಅಯ್ಯೋ, ಸೋತೆ ಚಾಂಪಿಯನ್," ಅನ್ನಬೇಕಿತ್ತು. ಚಿತ್ರ ಯಾಕೆ ಹೀಗೆ ಕುಪ್ಪಳಿಸುತ್ತೆ ಎಂದು ಅವಳು ಕೇಳಿದಾಗ, ಹಳೇ ಆಟಕ್ಕೂ ಹೊಸ ಮೆಷಿನ್ನಿಗೂ ಹೊಂದೋದಿಲ್ಲ ಕಣೆ ಅಂದ. ಅವಳು ನಂಬಿದಳು. ಈ ವಿಷಯದಲ್ಲಿ ಟರ್ಬೊನ ಮಾತನ್ನು ಊರೇ ನಂಬುವಾಗ ಹೆಂಡತಿ ನಂಬದೆ ಇರುತ್ತಾಳೆಯೇ?

ಒಂದು ಮಧ್ಯಾಹ್ನ ಕ್ಷೌರದವನು ಟರ್ಬೊನ ಸ್ಕ್ರೂಡ್ರೈವರ್ ಕೇಳಲು ಬಗ್ಗಿ ಶೆಟರಿನಡಿ ನುಸುಳಿ ಒಳಗೆ ಬಂದ. ಬಾಯಿಗೆ ಬೀಗವಿಲ್ಲದ ಮನುಷ್ಯ. ಅವನ ಮಾತಿಗೆ ಹೆದರಿಯೇ ಗಿರಾಕಿಗಳ ಕೂದಲು ಎದ್ದು ನಿಲ್ಲುತ್ತಿತ್ತು, ಕತ್ತರಿಸಲು ಸಲೀಸಾಗುತ್ತಿತ್ತು. ಸ್ಕ್ರೀನಿನ ಮೇಲೆ ತೆವಳುತ್ತಿದ್ದ ಎರಡು ಕಾರುಗಳನ್ನು ನೋಡಿದ.

"ಏನತ್ತಿಗೆ ಇದು? ರೇಸೋ, ಶವಯಾತ್ರೆನೋ? ಇಷ್ಟು ನಿಧಾನ ಹೋದ್ರೆ ಹಿಂದಿನ ಕಾರಿನೋರು ಹೂವು ಎರಚ್ತಾರೆ!"

"ನಿಂಗೇನು ಗೊತ್ತು, ಕೂತು ಆಡಿ ನೋಡು," ಅಂದಳು ಅವಳು, ಕಣ್ಣು ತೆಗೆಯದೆ. ಹಣೆಯ ಮೇಲೆ ಬೆವರಿತ್ತು. ಅವಳ ಪಾಲಿಗೆ ಅದು ಪ್ರಾಣ ಕೈಯಲ್ಲಿ ಹಿಡಿದು ಓಡುವ ವೇಗ.

ಕ್ಷೌರದವನು ಗೆಳೆಯನ ಮುಖ ನೋಡಿದ. ಆ ಮುಖದಲ್ಲಿ ಏನಿತ್ತೋ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವನ ಬಾಯಿ ಮುಚ್ಚಿತು. ಸ್ಕ್ರೂಡ್ರೈವರ್ ತೆಗೆದುಕೊಳ್ಳದೆಯೇ ಹೋದ.

ಬೇಸಿಗೆ ಬಂತು. ಕಂಪ್ಯೂಟರಿನ ಫ್ಯಾನು ಹೆಲಿಕಾಪ್ಟರ್ ಇಳಿದ ಹಾಗೆ ಕಿರುಚತೊಡಗಿತು.

"ಊರವರ ಮೆಷಿನ್ನೆಲ್ಲ ತೊಳೆದು ಕೊಡ್ತೀರಿ, ನಮ್ಮನೇದು ಮಾತ್ರ ನೋಡೋರಿಲ್ಲ," ಅಂದಳು ಹೆಂಡತಿ.

ಟರ್ಬೊ ಸಂತೋಷದಿಂದಲೇ ಕೂತ. ಪಕ್ಕದ ಫಲಕ ಬಿಚ್ಚಿದ. ಬ್ಲೋವರಿನಿಂದ ಊದಿದಾಗ ಹೊರಬಂದ ಧೂಳಿಗೆ ಬೀದಿಯ ನಾಯಿ ಸೀನುತ್ತ ಓಡಿತು. ಫ್ಯಾನಿನ ರೆಕ್ಕೆಗಳನ್ನು ಒಂದೊಂದಾಗಿ ಒರೆಸಿದ, ಹೊಸ ಪೇಸ್ಟು ಹಚ್ಚಿದ. ಅವಳು ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು, ಒಂದೊಂದು ಎಲೆಗೆ ಒಂದೊಂದು ಯುಗ. ಅವಳ ಅಕ್ಕನ ಮನೆಯ ಸುದ್ದಿ ಹೇಳುತ್ತಿದ್ದಳು. ಅಕ್ಕನ ಗಂಡ ಕನ್ನಡಕ ಹುಡುಕಲು ಇನ್ನೊಂದು ಕನ್ನಡಕ ಮಾಡಿಸಿಕೊಂಡನಂತೆ. ಅವನು ನಗುತ್ತ, ಹೂಂಗುಟ್ಟುತ್ತ, ಯಂತ್ರ ಚಾಲೂ ಮಾಡಿ ಕೊನೆ ಕೈಗೆ ಕೂತ.

"ನೀನ್ಯಾಕಪ್ಪ ಇಲ್ಲಿ? ಎದ್ದೇಳು. ನೀನೂ ಅಷ್ಟೇ. ಓಹೋ, ಇವನನ್ನ ನೋಡು! ಪ್ರಿಂಟರ್ ಸಹಾಯಕನಂತೆ. ಪ್ರಿಂಟರೇ ಇಲ್ಲದ ಮನೇಲಿ ಯಾರಿಗಯ್ಯಾ ನಿನ್ನ ಸಹಾಯ? ಪಕ್ಕದ ಜೆರಾಕ್ಸ್ ಅಂಗಡಿಗೆ ಹೋಗು."

ಅವಳೂ ನಕ್ಕಳು. ಬೆರಳು ಒತ್ತಿತು. ಹೋಯಿತು.

ಊಟವಾಯಿತು. ಶೆಟರು ಅರ್ಧ ಇಳಿಯಿತು. ಬೆಂಚಿನ ಮೇಲೆ ಇಬ್ಬರೂ ಕೂತರು. "ಬಾರೋ," ಅಂದಳು. ಹಸಿರು ದೀಪ ಹತ್ತಿತು.

ಎರಡು ಕಾರೂ ಚಿಮ್ಮಿದವು. ಒಂದು ಬಿಕ್ಕಳಿಕೆಯಿಲ್ಲ, ಒಂದು ಜರ್ಕಿಲ್ಲ. ರಸ್ತೆ ರೇಷ್ಮೆಯ ಹಾಗೆ ಹರಿಯಿತು. ಅವಳ ಬೆರಳು ತಿರುಗಿಸುವ ಕೀ ಮುಟ್ಟುವ ಮೊದಲೇ ಅವಳ ಕಾರು ಗೋಡೆಗೆ ಬಡಿದು ಮಗುಚಿತು. ಮತ್ತೆ ರಸ್ತೆಗೆ ಬಂದು ನಿಂತಿತು. ಮತ್ತೆ ಚಿಮ್ಮಿತು. ಮತ್ತೆ ಬಡಿಯಿತು. ಅವನ ಕಾರೂ ಅಷ್ಟು ಹೊತ್ತಿಗೆ ಎಲ್ಲೋ ಹುಲ್ಲಿಗೆ ಹೋಗಿತ್ತು. ಅವನ ಎರಡೂ ಕೈ ಕೀಬೋರ್ಡಿನಿಂದ ಎದ್ದು ಬಾಯಿಗೆ ಹೋಗಿದ್ದವು.

"ಏನೋ ಕೆಟ್ಟಿದೆ," ಅಂದ. "ಧೂಳು ತೆಗೆದೆನಲ್ಲ, ಅದಕ್ಕೆ ಏನೋ..."

ಅವಳು ಸ್ಕ್ರೀನನ್ನೇ ನೋಡುತ್ತಿದ್ದಳು.

"ಕೆಟ್ಟಿಲ್ಲ," ಅಂದಳು. "ಇದು ನಮ್ಮ ಹಳೇ ಅಂಗಡಿ ಸ್ಪೀಡು. ನನಗೆ ಗೊತ್ತಾಗಲ್ವಾ?"

ಫ್ಯಾನು ಈಗ ಸದ್ದೇ ಮಾಡುತ್ತಿರಲಿಲ್ಲ. ಅದಾದರೂ ಕಿರುಚಿದ್ದರೆ ಎಷ್ಟೋ ಚೆನ್ನಾಗಿತ್ತು.

"ಬೆಳಗ್ಗೆ ಒಂದು ಪ್ರಿಂಟರ್ ಕಿತ್ತುಹಾಕಿದ್ರಲ್ಲ," ಅಂದಳು. ಬೆಂಚಿನ ಮೇಲೆ ಕೂತು ಅವಳು ಅವನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಮದುವೆಯಾದ ಮೇಲೆ ಅದೇ ಮೊದಲು. "ಅದನ್ನ ವಾಪಸ್ ಹಾಕಿ, ನೋಡೋಣ."

"ಬೇಡ ಬಿಡು ಈಗ."

"ಹಾಕಿ."

ಹಾಕಿದ. ಜಗತ್ತಿನಲ್ಲಿ ಅಷ್ಟು ನಿಧಾನವಾಗಿ ಯಾರೂ ಒಂದು ಪ್ರೋಗ್ರಾಮು ಹಾಕಿರಲಿಕ್ಕಿಲ್ಲ. ಆದರೂ ಅದು ಮುಗಿಯಿತು. ರೇಸು ಮತ್ತೆ ಶುರುವಾಯಿತು. ಎರಡು ಕಾರೂ ಕುಪ್ಪಳಿಸುತ್ತ, ಬಿಕ್ಕುತ್ತ, ತೆವಳುತ್ತ ಹೊರಟವು. ಆಟದ ಗಡಿಯಾರ ಒಂದು ಸೆಕೆಂಡು ದಾಟಲು ಮನಸ್ಸಿಲ್ಲದ ಹಾಗೆ ಕಾಲೆಳೆಯಿತು. ಅವಳು ಅದನ್ನೂ ನೋಡಿದಳು, ಗೋಡೆಯ ಗಡಿಯಾರವನ್ನೂ ನೋಡಿದಳು.

"ಎಷ್ಟಕ್ಕೆ ಇಟ್ಟಿದೀರಿ?"

"ಇಪ್ಪತ್ತೆರಡು."

"ಅರವತ್ತರಲ್ಲಿ ಇಪ್ಪತ್ತೆರಡು." ಅವಳು ಕೀಬೋರ್ಡನ್ನು ಅವನ ಕಡೆಗೆ ಸರಿಸಿದಳು. "ಡಾಕ್ಟ್ರಿಗೆ ಹೇಳ್ದೆ ನಾನು. ಅಕ್ಕನಿಗೆ ಹೇಳ್ದೆ. ಊರೆಲ್ಲ ಹೇಳ್ಕೊಂಡು ಬಂದೆ. ನೀವು ಪಕ್ಕದಲ್ಲೇ ನಿಂತಿದ್ರಿ."

"ನೀನು ನಗ್ತಿದ್ದೆ ಕಣೆ. ಗೆದ್ದಾಗ ನೀನು..."

"ಸೋತಿದ್ರೆ ಸೋತೆ ಅಂತ ಗೊತ್ತಾಗ್ತಿತ್ತಲ್ಲ. ಅತ್ತು ಮುಗಿಸ್ತಿದ್ದೆ. ಸೋಲೋದಕ್ಕೂ ಬಿಡ್ಲಿಲ್ಲ ನೀವು. ನನ್ನ ಜೊತೆ ಓಡ್ತಿದೀರಿ ಅಂದ್ಕೊಂಡಿದ್ದೆ. ಎತ್ಕೊಂಡು ಓಡ್ತಿದ್ರಿ."

ಎದ್ದು ಒಳಗೆ ಹೋದಳು. ಬಾಗಿಲವರೆಗೆ ಹೋಗಲು ಅವಳಿಗೆ ಎಷ್ಟು ಹೊತ್ತು ಬೇಕಾಯಿತೆಂದರೆ, ಅಷ್ಟೂ ಹೊತ್ತು ಅವನು ಅವಳ ಬೆನ್ನನ್ನೇ ನೋಡಬೇಕಾಯಿತು. ಹಿಡಿದುಕೊಳ್ಳಲು ಎದ್ದವನಿಗೆ ಕೈಯಾಡಿಸಿ ಬೇಡವೆಂದಳು.

ಆಮೇಲಿನ ಮಧ್ಯಾಹ್ನಗಳಲ್ಲಿ ಶೆಟರು ಪೂರಾ ತೆರೆದೇ ಇರುತ್ತಿತ್ತು. ಮನೆಯಲ್ಲಿ ಎಲ್ಲ ಮರ್ಯಾದೆಯಿಂದಲೇ ನಡೆಯಿತು: "ಊಟಕ್ಕೆ ಬನ್ನಿ," "ಮಾತ್ರೆ ಆಯ್ತು," "ಫೋನ್ ಬಂದಿತ್ತು ನಿಮಗೆ." ಆ ಮರ್ಯಾದೆ ಹೊಟ್ಟೆಗೆ ಕಲ್ಲು ಕಟ್ಟಿದಷ್ಟು ಭಾರವಿತ್ತು. ಅಂಗಡಿಯಲ್ಲಿ ಅವನ ಕೈ ತಪ್ಪತೊಡಗಿತು. ಒಬ್ಬ ಗಿರಾಕಿಯ ಫ್ಯಾನನ್ನು ಹಿಂದುಮುಂದಾಗಿ ಕೂರಿಸಿದ. ಅದು ಬಿಸಿಗಾಳಿಯನ್ನು ಹೊರಗೆ ತಳ್ಳುವ ಬದಲು ಒಳಗೇ ತುಂಬಿಕೊಂಡಿತು.

ಕ್ಷೌರದವನು ಬಂದು ಸ್ಟೂಲ್ ಎಳೆದು ಕೂತ. "ಗಡ್ಡ ನೋಡು, ಹಕ್ಕಿ ಸಂಸಾರ ಹೂಡುತ್ತೆ. ಏನಾಯ್ತೋ?"

ಟರ್ಬೊ ಹೇಳಿದ.

"ಒಳ್ಳೇದಕ್ಕೇ ಮಾಡಿದೆಯಲ್ಲ."

"ಒಳ್ಳೇದಕ್ಕೇ," ಅಂದ ಟರ್ಬೊ. "ಬಾಗಿಲು ಹಾಕಿ ಬೀರುವಿನಲ್ಲಿ ಇಟ್ಟೆ ಅವಳನ್ನ. ಧೂಳಾಗದಿರ್ಲಿ ಅಂತ."

ಕ್ಷೌರದವನಿಗೆ ಅರ್ಥವಾಗಲಿಲ್ಲ. ಆದರೂ ಅಂಗಡಿಗೆ ಹೋಗಿ ನೊರೆ ತಂದು, ಅಲ್ಲೇ ಕೂರಿಸಿ ಗೆಳೆಯನ ಗಡ್ಡ ತೆಗೆದ.

ಮಳೆ ಹಿಡಿದ ಒಂದು ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ಅವಳು ಗೋಡೆ ಹಿಡಿದುಕೊಂಡು ಬಂದಳು. ಬೆಂಚಿನ ಮೇಲೆ ಕೂತಳು.

"ಶೆಟರ್ ಎಳಿ."

ಎಳೆದ.

"ಆ ಪ್ರಿಂಟರನ್ನ ಕಿತ್ತುಹಾಕು. ನನ್ನ ಮುಂದೆ."

ಕಿತ್ತುಹಾಕಿದ. ಈ ಸಲ ಅದರ ಜೊತೆ ಏನೂ ಮಾತಾಡಲಿಲ್ಲ.

"ಶುರು ಮಾಡು."

"ಚಾಂಪಿಯನ್..."

"ಶುರು ಮಾಡೋ."

ಹಸಿರು ದೀಪ ಹತ್ತಿತು. ಅವಳು ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಒಂದರ ನಡುಕವನ್ನು ಇನ್ನೊಂದರಿಂದ ಹಿಡಿದುಕೊಂಡು ಕೂತಳು. ಗ್ಯಾಸ್ ಒತ್ತದ ಅವಳ ಕಾರು ಗೆರೆಯ ಮೇಲೇ ನಿಂತಿತ್ತು.

"ನಂದು ಇಲ್ಲೇ ಇರ್ಲಿ," ಅಂದಳು. "ನೀನು ಹೋಗು. ಪೂರಾ ಸ್ಪೀಡಲ್ಲಿ ಹೋಗು. ನಾನು ನೋಡ್ಬೇಕು."

ಹೋದ. ಅಷ್ಟು ಕಾಲ ತೆವಳಿ ಅಭ್ಯಾಸವಾದ ಅವನ ಕೈಗೂ ಆ ವೇಗ ಸಿಗಲಿಲ್ಲ. ಮೊದಲ ತಿರುವಿನಲ್ಲಿ ಗೋಡೆಗೆ ಉಜ್ಜಿದ, ಎರಡನೆಯದರಲ್ಲಿ ಹುಲ್ಲಿಗಿಳಿದ.

"ಬ್ರೇಕ್ ಮೊದಲೇ ಹಿಡೀಬೇಕು, ದಡ್ಡ," ಅಂದಳು. "ಮರದ ನೆರಳು ಕಾಣಿಸ್ತಿದ್ದ ಹಾಗೇ. ಹಾಂ. ಈಗ ಬಿಡು."

ಸ್ಕ್ರೀನಿನ ಬಲಭಾಗದಲ್ಲಿ ಅವನ ರಸ್ತೆ ಹರಿಯುತ್ತಿತ್ತು. ಎಡಭಾಗದಲ್ಲಿ ಏನೂ ನಡೆಯುತ್ತಿರಲಿಲ್ಲ: ಖಾಲಿ ರಸ್ತೆ, ಬಿಳಿ ಗೆರೆ, ನಿಂತ ಕಾರು. ಒಂದು ಸುತ್ತು ಮುಗಿಸಿ ಅವನು ಬಂದಾಗ ಅವಳ ಭಾಗದಲ್ಲಿ ಅವನ ಕಾರು ಹಿಂದಿನಿಂದ ಕಾಣಿಸಿಕೊಂಡು, ಪಕ್ಕದಲ್ಲೇ ಸುಯ್ಯೆಂದು ಹಾದು, ಚುಕ್ಕೆಯಾಗಿ, ತಿರುವಿನಲ್ಲಿ ಇಲ್ಲವಾಯಿತು. ಅವಳು ತಲೆಯನ್ನು ಅದರ ಜೊತೆ ತಿರುಗಿಸಲು ನೋಡಿದಳು. ತಲೆ ತಿರುಗುವಷ್ಟರಲ್ಲಿ ಕಾರು ಹೋಗಿತ್ತು.

ಮತ್ತೊಂದು ಸುತ್ತಿಗೆ ಬಂದಾಗ ಅವನು ಬ್ರೇಕ್ ಹಿಡಿದು ಅವಳ ಕಾರಿನ ಪಕ್ಕದಲ್ಲಿ ನಿಲ್ಲಿಸಿದ. ಸ್ಕ್ರೀನಿನ ಎರಡೂ ಭಾಗದಲ್ಲಿ ಒಂದೇ ಚಿತ್ರ: ಒಂದು ಗೆರೆ, ಎರಡು ಕಾರು.

"ನಿಲ್ಲಿಸ್ಬೇಡ," ಅಂದಳು ಅವಳು. "ಹೋಗು."

ಅವನ ಕಣ್ಣು ಮಂಜಾಗಿ ರಸ್ತೆ ಕಾಣುತ್ತಿರಲಿಲ್ಲ. ಆದರೂ ಕೀ ಒತ್ತಿದ.